ಎಡೆದೊರೆ ನಾಡಿನ ಕೆರೆಗಳೂ ಪೋರುಮಾಮಿಳ್ಳ ಶಾಸನದ ಆರು ದೋಷಗಳೂ

೧

ಸಂಸ್ಕೃತ ಕಾವ್ಯಗಳಲ್ಲಿಯೂ ಅವುಗಳ ಜಾಡನ್ನು ಹಿಡಿದ ಕನ್ನಡ ಕಾವ್ಯಗಳಲ್ಲಿಯೂ ಕಾರ್ಗಾಲವು ಮೊದಲಾಯಿತೆಂದರೆ ಹಂಸಗಳು ಮಾನಸಸರೋವರಕ್ಕೆ ತೆರಳುವುವೆಂದು ಹೇಳುವ ಸಂಪ್ರದಾಯವುಂಟು. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ಮೇಘಕ್ಕೆ ಕೈಲಾಸದ ವರೆಗೂ ದಾರಿಯ ಜೊತೆಗಾರರಾಗುವುವು. ಇದನ್ನು ಕವಿಸಮಯವೆಂದು ಹೇಳಿ ಪಾಠದಲ್ಲಿ ಮುಂದಕ್ಕೆ ಸಾಗುವುದು ವಾಡಿಕೆ. ಆದರೆ ಈ ಕವಿಸಮಯದ ಬೆನ್ನಿಗೆ ಒಂದು ಪ್ರಕೃತಿಸತ್ಯವಿದೆ. ಪಟ್ಟೆತಲೆಯ ಹೆಬ್ಬಾತೆಂಬ ಹಕ್ಕಿಯು ಲಡಾಖ್, ತಿಬ್ಬತ್ತು, ಮಂಗೋಲಿಯಗಳ ಎತ್ತರದ ಸರೋವರಗಳ ದಡದಲ್ಲಿ ಮರಿಮಾಡಿ, ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ತುಂಗಭದ್ರೆಯ ಬಲದಂಡೆಯ ನಾಡಿನ ಅಂಕಸಮುದ್ರದ ಕೆರೆಯೂ ಹಕ್ಕಿಗಳಿಗೆ ಆಶ್ರಯವಾಗಿರುವುದರಿಂದಲೇ ಪ್ರಸಿದ್ಧಿಯನ್ನು ಪಡೆದಿವೆ. ಈ ಎರಡೂ ಕೆರೆಗಳು ೨೦೨೪ರಲ್ಲಿ ರಾಮ್‌ಸರ್ ಒಪ್ಪಂದದ ಪಟ್ಟಿಯಲ್ಲಿ ಸೇರಿದುವು. ಮಳೆಗಾಲಕ್ಕೆ ಮುಂಚೆಯೇ ಈ ಹಕ್ಕಿಗಳು ಬಡಗಕ್ಕೆ ಹಿಂದಿರುಗುವುವು. ಕವಿಗಳ ಮಾತಿನಲ್ಲಿ ತಿಂಗಳುಗಳ ಲೆಕ್ಕವು ತುಸು ತಪ್ಪಿರಬಹುದು, ದಿಕ್ಕು ತಪ್ಪಿಲ್ಲ.

ಹೀಗೆ ಒಂದೇ ಹಕ್ಕಿಯು ವರ್ಷಂಪ್ರತಿ ಕಾಣುವ ಈ ಎರಡು ಸೀಮೆಗಳನ್ನು ಹೋಲಿಸಿ ನೋಡುವುದು ಉಚಿತವಾಗಿದೆ. ಲಡಾಖಿನ ಪ್ಯಾಂಗಾಂಗ್ ಸರೋವರವು ಸಮುದ್ರಮಟ್ಟದಿಂದ ಸುಮಾರು ೧೪,೦೦೦ ಅಡಿ ಎತ್ತರದಲ್ಲಿಯೂ ತ್ಸೋ ಮೊರಿರಿ ಎಂಬುದು ಅದಕ್ಕಿಂತಲೂ ಮೇಲೆಯೂ ಇವೆ. ಮಳೆಗಾಳಿಯನ್ನು ಹಿಮಾಲಯದ ಸಾಲುಗಳು ತಡೆದುಬಿಡುವುದರಿಂದ ಲೇಹದಲ್ಲಿ ವರ್ಷಕ್ಕೆ ಬೀಳುವ ಮಳೆಹಿಮಗಳೆಲ್ಲ ಕೂಡಿ ನಾಲ್ಕು ಅಂಗುಲಗಳಷ್ಟು ಮಾತ್ರವೇ. ಆಕಾಶವು ನಿರ್ಮಲವಾಗಿ, ಬಿಸಿಲು ಸುಡುತ್ತ, ನೆರಳು ಕೊರೆಯುತ್ತ, ಮಧ್ಯಾಹ್ನದ ಮೇಲೆ ಗಾಳಿಯು ಬಿರುಸಾಗಿ ಎದ್ದು ನೀರನ್ನು ತೆರೆಯಾಗಿ ಅಟ್ಟುವುದು; ಮಾಗಿಯಲ್ಲಿ ಅದೇ ನೀರು ಉಪ್ಪಾಗಿದ್ದರೂ ಹೆಪ್ಪುಗಟ್ಟಿ ಬಯಲಾಗುವುದು. ಪ್ಯಾಂಗಾಂಗಿನ ನೀರು ಪೂರ್ವಕಾಲದಲ್ಲಿ ಶ್ಯೋಕ್ ನದಿಯ ಕಡೆಗೆ ಹರಿದುಹೋಗುತ್ತಿತ್ತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಹೊರದಾರಿಯು ಮುಚ್ಚಿದ ಬಳಿಕ ಬಂದ ನೀರೆಲ್ಲ ಬಿಸಿಲಿಗೆ ಆರಿ, ಕಲ್ಲುಮಣ್ಣುಗಳಿಂದ ತೊಳೆದು ತಂದ ಉಪ್ಪು ಮಾತ್ರ ಉಳಿಯುತ್ತ ಬಂದಿದೆ. ಕನ್ನಡದ ಮಾತಿನಲ್ಲಿ ಹೇಳುವುದಾದರೆ, ಅದು ಕೋಡಿಯನ್ನು ಕಳೆದುಕೊಂಡ ಕೆರೆ. ಈ ಸಂಗತಿಯು ಮುಂದಣ ವಿಚಾರಕ್ಕೆ ಅಗತ್ಯವಾದುದರಿಂದ ನೆನಪಿನಲ್ಲಿಡತಕ್ಕದ್ದು.

ಕೃಷ್ಣಾ ತುಂಗಭದ್ರೆಗಳ ನಡುವಣ ಬಯಲು ಸಮುದ್ರಮಟ್ಟದಿಂದ ೧,೩೦೦ ಅಡಿಗಳ ಆಸುಪಾಸಿನಲ್ಲಿರುವುದು, ಅಲ್ಲಿ ಹಿಮವಿಲ್ಲ. ಆದರೂ ಅದು ಇನ್ನೊಂದು ಬೆಟ್ಟಸಾಲಿನ ಮಳೆನೆರಳು. ತುಂಗೆಯು ಹುಟ್ಟುವ ಸಹ್ಯಾದ್ರಿಯ ಅಂಚಿನಲ್ಲಿ, ಆಗುಂಬೆಯಲ್ಲಿ, ವರ್ಷಕ್ಕೆ ಹತ್ತಿರ ಹತ್ತಿರ ೩೦೦ ಅಂಗುಲ ಮಳೆ ಸುರಿದರೆ, ಅದೇ ನೀರು ತುಂಗಭದ್ರೆಯಾಗಿ ಹಾದುಹೋಗುವ ರಾಯಚೂರು ಸೀಮೆಯಲ್ಲಿ ೨೪ ಅಂಗುಲಗಳ ಸುಮಾರು ಮಾತ್ರ ಬೀಳುವುದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನೂ ಸಾಲಗುಂದ ಮೊದಲಾದ ಊರುಗಳನ್ನೂ ಒಳಕೊಂಡ ಈ ಸೀಮೆಗೆ ಎರಡು ದೊಡ್ಡ ಹೊಳೆಗಳು ಎರಡು ಕಡೆಯಲ್ಲಿಯೂ ಹರಿಯುತ್ತಿದ್ದು, ನಡುವಣ ನೆಲವು ಬಾಯಾರಿರುವುದು. ಲಡಾಖಿನ ಸರೋವರಗಳನ್ನು ಪ್ರಕೃತಿಯೇ ನಿರ್ಮಿಸಿತು. ಇಲ್ಲಿಯ ಕೆರೆಗಳನ್ನಾದರೋ ಮನುಷ್ಯನು ಕಟ್ಟಬೇಕಾಯಿತು, ಕಟ್ಟಿದುದನ್ನು ಕಾಯಬೇಕಾಯಿತು. ಕಾಯುವವನಿಲ್ಲದಿದ್ದರೆ ಏನಾಗುವುದೆಂಬುದೇ ಈ ನಾಡಿನ ಚರಿತ್ರೆಯಲ್ಲಿ ವಿಚಾರಿಸತಕ್ಕ ವಿಷಯ. ಈ ಪ್ರಾಂತದ ಬರವು ಕೇವಲ ದೈವಾಯತ್ತವೆಂಬ ನಂಬಿಕೆಯು ಬಹುಕಾಲದಿಂದ ರೂಢಿಯಲ್ಲಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ವಿಜಯನಗರ ಕಾಲದ ಶಾಸನವೊಂದು ಒಳ್ಳೆಯ ಒರೆಗಲ್ಲಾಗಿದೆ.

೨

ಮೊದಲು ನಾಡಿನ ಹೆಸರನ್ನು ನೋಡಬಹುದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಸೀಮೆಗೆ ‘ಎಡೆದೊರೆ ಎರಡುಸಾವಿರ’ ಎಂದು ಹೆಸರು. ಎಡೆ ಎಂದರೆ ನಡು. ತೊರೆ ಎಂದರೆ ಹೊಳೆ. ಆದೇಶಸಂಧಿಯಿಂದ ತಕಾರವು ದಕಾರವಾಗಿ ಎಡೆದೊರೆಯಾಯಿತು. ರಾಜೇಂದ್ರ ಚೋಳನ (೧೦೧೪–೧೦೪೪) ಮೆಯ್ಕೀರ್ತಿಯಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯು ‘ಇಡೈತುರೈ ನಾಡು’ ಎಂಬುದರಿಂದ ಮೊದಲಾಗುವುದು. ಅದು ಎಡೆದೊರೆಯೇ ಎಂದು ಫ್ಲೀಟರು ಗುರುತಿಸಿದರು. ತಮಿಳಿನಲ್ಲಿ ತುರೈ ಎಂಬುದಕ್ಕೆ ನೀರಿಗಿಳಿಯುವ ಕಡವು ಎಂದರ್ಥ. ಕನ್ನಡಿಗನು ಹರಿಯುವ ನೀರಿನಿಂದ ಕರೆದ ನಾಡನ್ನು ದಂಡೆತ್ತಿ ಬಂದವನು ದಾಟುವ ಕಡವಿನ ಮಾತಿನಿಂದ ಕರೆದಂತಾಯಿತು. ಇದು ಉಚ್ಚಾರಣೆಯ ಆಕಸ್ಮಿಕವೇ ಆಗಿರಬಹುದು. ಆದರೂ ಈ ನಾಡಿನ ಮುಂದಣ ಚರಿತ್ರೆಗೆ ಹೊಂದಿಕೆಯಾದ ಆಕಸ್ಮಿಕ.

ಈ ಸೀಮೆಯ ನೆಲವು ಎರಡು ಬಗೆಯದು. ಸಿಂಧನೂರಿನ ಸುತ್ತ ಹೆಚ್ಚಾಗಿ ಎರೆಭೂಮಿ. ಮಸ್ಕಿ ಲಿಂಗಸುಗೂರುಗಳ ಕಡೆಯಲ್ಲಿ ಬಂಡೆಗುಡ್ಡಗಳ ನಡುನಡುವೆ ಮಸಾರಿ. ಎರೆಯು ಬೇಸಗೆಯಲ್ಲಿ ಕಾಲು ಇಳಿಯುವಷ್ಟು ಅಗಲವಾಗಿ ಬಿರಿಯುವುದು. ಮಳೆ ಬಿದ್ದರೆ ಬಿರುಕುಗಳೆಲ್ಲ ಮುಚ್ಚಿ, ಮಣ್ಣು ಅಂಟಾಗಿ, ಬಂಡಿಯ ಗಾಲಿ ತಿರುಗದು. ಆದರೆ ಕುಡಿದ ನೀರನ್ನು ಅದು ಬಹುಕಾಲ ಹಿಡಿದಿಟ್ಟುಕೊಳ್ಳುವುದು. ಆದಕಾರಣ ಮುಂಗಾರಿಯಲ್ಲಿ ನೆಲವನ್ನು ಹದಗೊಳಿಸಿ, ಹಿಂಗಾರಿಯ ಮಳೆಯ ತೇವದ ಮೇಲೆ ಬಿಳಿಜೋಳವನ್ನು ಬಿತ್ತಿ, ಮುಂದೆ ಇಬ್ಬನಿಯ ಬಲದಿಂದಲೇ ತೆನೆಯನ್ನು ಕಾಣುವ ಬೇಸಾಯವು ಇಲ್ಲಿ ಬೆಳೆದುಬಂದಿತು. ಮಸಾರಿಯು ಇದಕ್ಕೆ ವಿರುದ್ಧವಾದುದು. ನೀರನ್ನು ಹಿಡಿಯದೆ ಹರಿಯಬಿಡುವುದು. ಎರೆಯು ತನ್ನ ಕೆರೆಯನ್ನು ತನ್ನ ಒಡಲಿನಲ್ಲಿಯೇ ಇಟ್ಟುಕೊಂಡಿರುವುದು. ಮಸಾರಿಗೆ ಕೆರೆಯು ಹೊರಗೆ ಬೇಕು.

ಮಳೆಯ ನಡೆಯೂ ಸರಳವಲ್ಲ. ವೈಶಾಖದ ಕಡೆಯಲ್ಲಿ ಸುಡುಗಾಳಿಯು ಕೆಂಧೂಳನ್ನೆಬ್ಬಿಸಿ ಬಯಲನ್ನೆಲ್ಲ ಮಸಕುಗೊಳಿಸುವುದು. ಸಂಜೆಯ ಹೊತ್ತಿಗೆ ಮೋಡಗಳು ಕವಿದು, ಗುಡುಗಿ, ಕೆಲವೊಮ್ಮೆ ಆಲಿಕಲ್ಲುಗಳನ್ನು ಸುರಿಸಿ, ಒಂದು ಗಳಿಗೆಯಲ್ಲಿ ಹಳ್ಳಗಳನ್ನು ತುಂಬಿಸಿ ಹೊರಟುಹೋಗುವುವು. ಮೃಗಶಿರೆ ಆರಿದ್ರೆಗಳು ಆಸೆಯನ್ನು ತೋರಿಸಿದರೂ ಪುಷ್ಯ ಆಶ್ಲೇಷೆಗಳಲ್ಲಿ ಮೋಡವು ಸಹ್ಯಾದ್ರಿಯಲ್ಲಿ ಬರಿದಾಗಿ ಇತ್ತ ಬರಿಯ ಗಾಳಿಯಾಗಿ ಬರುವುದುಂಟು. ಹುಬ್ಬೆ, ಉತ್ತರೆ, ಹಸ್ತಗಳೇ ಇಲ್ಲಿಯ ರೈತನ ನಿಜವಾದ ಮಳೆಗಳು. ವರ್ಷದ ತಿಂಗಳುಗಳಲ್ಲಿ ಸೆಪ್ಟೆಂಬರಿನಲ್ಲಿಯೇ ಅತಿ ಹೆಚ್ಚಿನ ಮಳೆ ಬೀಳುವುದು. ಈ ಮೂರು ನಕ್ಷತ್ರಗಳು ಕೈಕೊಟ್ಟರೆ ಜೋಳವಿಲ್ಲ, ಮೇವಿಲ್ಲ. ಒಮ್ಮೆಗೇ ಸುರಿದರೆ ಅದೂ ಆಪತ್ತು. ೨೦೦೯ರ ಸೆಪ್ಟೆಂಬರು ಕಡೆಯಿಂದ ಅಕ್ಟೋಬರು ೨ರ ವರೆಗೆ ಸುರಿದ ಮಳೆಯಲ್ಲಿ ಬರಸೀಮೆಯೆನಿಸಿದ ಇದೇ ಪ್ರಾಂತದ ಊರುಗಳು ನೀರಿನಲ್ಲಿ ನಿಂತುವು. ತುಂಗಭದ್ರೆಯು ದಡಮೀರಿ ಮಂತ್ರಾಲಯವನ್ನು ಹೊಕ್ಕಿತು. ವರ್ಷದ ಮಳೆಯ ಮೊತ್ತಕ್ಕಿಂತ ಅದು ಬೀಳುವ ಬಗೆಯೇ ಇಲ್ಲಿ ಮುಖ್ಯವಾದುದರಿಂದ, ಒಂದು ದಿನದ ನೀರನ್ನು ನೂರು ದಿನಕ್ಕೆ ಹಂಚಿಕೊಡುವ ಸಾಧನವಿಲ್ಲದೆ ಮಸಾರಿ ಸೀಮೆಯಲ್ಲಿ ಜನರು ನೆಲೆನಿಲ್ಲಲು ಸಾಧ್ಯವಿಲ್ಲ. ಆ ಸಾಧನವೇ ಕೆರೆ.

೩

ಕೆರೆಯನ್ನು ಕುರಿತು ಪೂರ್ವಿಕರಿಗೆ ಎಂಥ ತಿಳಿವಳಿಕೆಯಿತ್ತೆಂಬುದಕ್ಕೆ ಕಡಪೆ ಜಿಲ್ಲೆಯ ಪೋರುಮಾಮಿಳ್ಳದ ಶಾಸನವು ಸಾಕ್ಷಿಯಾಗಿದೆ. ಶಕ ೧೨೯೧ರಲ್ಲಿ, ಎಂದರೆ ಕ್ರಿ. ಶ. ೧೩೬೯ರಲ್ಲಿ, ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಕೆರೆಯನ್ನು ಕಟ್ಟಿಸಿ ಹಾಕಿಸಿದ ಸಂಸ್ಕೃತ ಶಾಸನವಿದು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯು ಮುಗಿಯಿತೆಂದು ಅದರಲ್ಲಿ ಹೇಳಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕೆಂದು ಶಾಸನಕಾರನು ಎಣಿಸಿದ್ದಾನೆ. ಧರ್ಮಿಷ್ಠನಾದ ಅರಸು, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿನೆಲ, ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ, ಅದು ಹಾದುಬರುವ ಗುಡ್ಡ, ಅದರ ನಡುವೆ ಕಟ್ಟುವ ಕಲ್ಲಿನ ಒಡ್ಡು, ಆಳವೂ ವಿಸ್ತಾರವೂ ಆದ ಪಾತ್ರ, ನೀಳವಾದ ಕಲ್ಲು ಸಿಗುವ ಗಣಿ, ಕೆಳಗಡೆ ಫಲವತ್ತಾದ ಹೊಲ, ಕೆಲಸವನ್ನು ಬಲ್ಲ ಆಳುಗಳು ಮುಂತಾದುವು ಇವುಗಳಲ್ಲಿ ಸೇರಿವೆ.

ಅನಂತರ ಆರು ದೋಷಗಳು ಹೇಳಲ್ಪಟ್ಟಿವೆ: ಒಡ್ಡಿನಿಂದ ನೀರು ಒಸರುವುದು, ನೆಲವು ಸವಳಾಗಿರುವುದು, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು, ಪಾತ್ರದ ನಡುವೆ ಉಬ್ಬಿರುವುದು, ನೀರು ಕಡಮೆಯಾಗಿ ಕೆಳಗಣ ಹೊಲವು ಹೆಚ್ಚಾಗಿರುವುದು, ನೀರು ಹೆಚ್ಚಾಗಿ ನೆಲವು ಕಡಮೆಯಾಗಿರುವುದು.

ಇವುಗಳಲ್ಲಿ ಐದು ದೋಷಗಳು ಮಣ್ಣು, ನೀರು, ಕಟ್ಟಡಗಳಿಗೆ ಸಂಬಂಧಪಟ್ಟುವು. ಮೂರನೆಯದೊಂದೇ ರಾಜ್ಯಕಾರಣಕ್ಕೆ ಸಂಬಂಧಪಟ್ಟುದು. ಒಸರುವ ಏರಿ, ಸವಳು ನೆಲ ಇವುಗಳ ಸಾಲಿನಲ್ಲಿಯೇ ರಾಜ್ಯದ ಗಡಿಯನ್ನೂ ಇಟ್ಟು ಎಣಿಸಿರುವುದು ಅತ್ಯಂತ ಗಮನಾರ್ಹವಾಗಿದೆ. ಕಾರಣವನ್ನು ಶಾಸನವು ವಿವರಿಸುವುದಿಲ್ಲ. ಆದರೆ ಕನ್ನಡ ಶಾಸನಗಳಲ್ಲಿ ಕೆರೆಯ ರಕ್ಷಣೆಗೆ ಮಾಡಿದ ಏರ್ಪಾಡುಗಳನ್ನು ನೋಡಿದರೆ ಕಾರಣವು ತಾನಾಗಿಯೇ ಹೊಳೆಯುವುದು. ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ ಎಂಬ ಹೆಸರುಗಳಿಂದ ಬಿಟ್ಟ ಭೂಮಿಯ ಹುಟ್ಟುವಳಿಯಿಂದ ಹೂಳನ್ನೆತ್ತಬೇಕು, ಏರಿಗೆ ಮಣ್ಣು ಹಾಕಬೇಕು, ತೂಬನ್ನು ಸರಿಪಡಿಸಬೇಕು. ಈ ಏರ್ಪಾಡು ನಡೆಯಬೇಕಾದರೆ, ದತ್ತಿಯನ್ನು ಕೊಟ್ಟ ಅರಸಿನ ಮಾತನ್ನು ಅವನ ಮೊಮ್ಮಗನ ಕಾಲದ ಅಧಿಕಾರಿಯೂ ಮನ್ನಿಸಬೇಕು. ಗಡಿಯಲ್ಲಿ ಆ ಭರವಸೆಯಿಲ್ಲ. ಹತ್ತು ವರ್ಷಕ್ಕೊಮ್ಮೆ ಒಡೆಯನು ಬದಲಾಗುವೆಡೆಯಲ್ಲಿ ಹಿಂದಣವನ ಕೊಡಗೆಯನ್ನು ಮುಂದಣವನು ಕಿತ್ತುಕೊಳ್ಳಬಹುದು; ಕಿತ್ತುಕೊಳ್ಳದಿದ್ದರೂ ಕಿತ್ತುಕೊಳ್ಳುವನೆಂಬ ಭಯವೇ ಕೆರೆಯನ್ನು ಹಾಳುಮಾಡಲು ಸಾಕು. ಕೆರೆಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವಾಕ್ಯವು ಶಾಸನಗಳ ಕೊನೆಯಲ್ಲಿ ಬರುವುದು ಬರಿಯ ಅಲಂಕಾರಕ್ಕಲ್ಲ. ರಾಜದಂಡವು ಮುಟ್ಟದ ಕಾಲದಲ್ಲಿಯೂ ಧರ್ಮಭಯವು ಮುಟ್ಟಲೆಂಬ ಮುಂದಾಲೋಚನೆ ಅದು.

೪

ಎಡೆದೊರೆ ನಾಡು ಗಡಿಯಾಗಿ ಇದ್ದಷ್ಟು ಕಾಲ ಕರ್ನಾಟಕದ ಇನ್ನಾವ ಸೀಮೆಯೂ ಇದ್ದಂತೆ ಕಾಣದು. ಮಸ್ಕಿಯ ಬಂಡೆಯ ಮೇಲೆ ೧೯೧೫ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಕಂಡುಹಿಡಿದ ಶಾಸನವು ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಹೆಸರಿನಿಂದ ತಿಳಿಸಿ ಭಾರತದ ಚರಿತ್ರೆಗೆ ಮಹೋಪಕಾರವನ್ನು ಮಾಡಿತು. ಮೌರ್ಯರ ಆಳಿಕೆಯ ದಕ್ಷಿಣದ ಅಂಚು ಇಲ್ಲಿಂದ ಬಹಳ ದೂರವಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಈ ನಾಡಿಗಾಗಿ ಚಾಲುಕ್ಯರಿಗೂ ಚೋಳರಿಗೂ ಹೋರಾಟವಾಯಿತು. ಇಮ್ಮಡಿ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ಸುಮಾರು ೧೦೨೧ರಲ್ಲಿ ಕಾಳಗವು ನಡೆದ ಮುಶಂಗಿಯು ಮಸ್ಕಿಯೇ ಎಂದು ಹಲವರು ವಿದ್ವಾಂಸರೂ, ಉಚ್ಚಂಗಿಯೆಂದು ಬೇರೆ ಕೆಲವರೂ ಅಭಿಪ್ರಾಯಪಟ್ಟಿದ್ದಾರೆ.

ವಿಜಯನಗರ, ಬಹಮನಿ ರಾಜ್ಯಗಳು ಹನ್ನೊಂದು ವರ್ಷಗಳ ಅಂತರದಲ್ಲಿ (೧೩೩೬, ೧೩೪೭) ಹುಟ್ಟಿದ ಮೇಲಂತೂ ಎರಡು ಹೊಳೆಗಳ ನಡುವಣ ಈ ನೆಲವು ಎರಡು ಮಲ್ಲರ ನಡುವಣ ಅಖಾಡವಾಯಿತು. ೧೩೬೬ರಲ್ಲಿ ಮುದಗಲ್ಲು ಬುಕ್ಕರಾಯನ ದಂಡಿಗೆ ಬಿದ್ದಿತು. ೧೩೯೮ರಲ್ಲಿ ವಿಜಯನಗರದ ಸೇನೆಯು ಕೃಷ್ಣೆಯ ತೆಂಕಣ ದಡದಲ್ಲಿ ಬೀಡುಬಿಟ್ಟಿರಲಾಗಿ ಹೊಳೆಯು ತುಂಬಿಹರಿಯುತ್ತಿದ್ದುದರಿಂದ ಫಿರೋಜ್ ಷಹನು ದಾಟಲಾರದೆ ನಿಂತನೆಂದು ಫಿರಿಸ್ತನು ಬರೆದಿದ್ದಾನೆ. ೧೪೦೬ರಲ್ಲಿ, ೧೪೪೩ರಲ್ಲಿ ಮತ್ತೆ ಯುದ್ಧಗಳಾದುವು. ೧೫೨೦ರ ಮೇ ತಿಂಗಳಲ್ಲಿ ಕೃಷ್ಣದೇವರಾಯನು ಬಿಜಾಪುರದ ದಂಡನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದನು. ೧೫೬೫ರ ಜನವರಿಯಲ್ಲಿ ರಕ್ಕಸ-ತಂಗಡಿಯ ಕಾಳಗವಾಗಿ ನಾಡು ಬಿಜಾಪುರಕ್ಕೆ ಸೇರಿತು.

೧೫೨೦ರ ದಂಡಯಾತ್ರೆಯ ವಿಷಯದಲ್ಲಿ ಪೋರ್ತುಗೀಸಿನವನಾದ ನೂನಿಜನು ಒಂದು ಸಣ್ಣ ಸಂಗತಿಯನ್ನು ಹೇಳಿದ್ದಾನೆ. ದಾರಿಯಲ್ಲಿ ಸಿಕ್ಕಿದ ಹೊಳೆಯೊಂದರಲ್ಲಿ ಮುಂದಣ ಪಡೆಯು ಇಳಿದಾಗ ಮೊಣಕಾಲಿನ ಅರ್ಧದಷ್ಟು ನೀರಿತ್ತು. ಅರ್ಧ ದಂಡು ದಾಟುವುದರೊಳಗಾಗಿ ಆ ನೀರೆಲ್ಲ ಬತ್ತಿ, ಹಿಂದಣವರು ಮರಳಿನಲ್ಲಿ ಗುಂಡಿಗಳನ್ನು ತೋಡಿ ಬಾಯಾರಿಕೆಯನ್ನು ತೀರಿಸಿಕೊಳ್ಳಬೇಕಾಯಿತು. ಗೆಲುವಿನ ಅಬ್ಬರದಲ್ಲಿ ಓದುಗರು ಬಿಟ್ಟುಬಿಡುವ ಈ ಮಾತಿನಲ್ಲಿ ಬಿರುಬೇಸಗೆಯ ದಂಡಯಾತ್ರೆಯ ರೂಪವೆಲ್ಲ ಇದೆ. ದಂಡು ಹಾದುಹೋದ ಬಳಿಕ ಆ ದಾರಿಯ ಹಳ್ಳಿಗರಿಗೆ ಕುಡಿಯಲು ಏನು ಉಳಿಯಿತೆಂಬುದನ್ನು ನೂನಿಜನು ಬರೆದಿಲ್ಲ, ಊಹಿಸುವುದು ಕಷ್ಟವಲ್ಲ.

ಯುದ್ಧದ ಕಾಲವನ್ನು ಗಮನಿಸಿದರೆ ಇನ್ನೊಂದು ವಿಷಯವು ಸ್ಪಷ್ಟವಾಗುವುದು. ಹೊಳೆಗಳು ಇಳಿದಿರುವ ಮಾಗಿಬೇಸಗೆಗಳೇ ದಂಡೆತ್ತಿ ಹೋಗುವ ಕಾಲ. ಜನವರಿಯಲ್ಲಿ ಜೋಳವು ಹೊಲದಲ್ಲಿ ನಿಂತಿರುವುದು. ಸುಗ್ಗಿಯು ಮುಗಿದ ಮೇಲೆ ಮಿರ್ಗದ ಮಳೆಯ ವರೆಗಿನ ಮೂರು ತಿಂಗಳು, ಕೆರೆಯ ನೀರಿಳಿದು ಹೂಳು ಮೇಲೆದ್ದು, ಆಳುಗಳೂ ಎತ್ತುಗಳೂ ಬಿಡುವಾಗಿದ್ದು, ಕೆರೆಗೆಲಸಕ್ಕೆ ತಕ್ಕ ಕಾಲವಾಗಿರುವುದು. ಪೋರುಮಾಮಿಳ್ಳದ ಕೆರೆಗೆ ಬೇಕಾದ ಸಾವಿರ ಆಳುಗಳೂ ನೂರು ಬಂಡಿಗಳೂ ಯಾವ ತಿಂಗಳುಗಳಲ್ಲಿ ದೊರೆಯಬಲ್ಲುವೋ ಅದೇ ತಿಂಗಳುಗಳಲ್ಲಿ ದಂಡಿನವರೂ ಆಳನ್ನು, ಎತ್ತನ್ನು, ಬಂಡಿಯನ್ನು ಬಯಸುತ್ತಿದ್ದರು. ಒಂದು ಬೇಸಗೆಯಲ್ಲಿ ಹೂಳನ್ನೆತ್ತದಿದ್ದರೆ ಕೆರೆಯು ಸಾಯದು. ಆದರೆ ಎರಡು ಶತಮಾನಗಳ ಕಾಲ ಮತ್ತೆ ಮತ್ತೆ ತಪ್ಪಿದ ಬೇಸಗೆಗಳ ಫಲವು ಕೆರೆಯ ಪಾತ್ರದಲ್ಲಿ ಕೂಡುತ್ತ ಹೋಗುವುದು.

ಇದೇ ಕಾಲದಲ್ಲಿ ರಾಜಧಾನಿಯ ಸುತ್ತಣ ಸ್ಥಿತಿಯು ಬೇರೆಯಾಗಿತ್ತು. ತುಂಗಭದ್ರೆಗೆ ಅಡ್ಡಗಟ್ಟೆಗಳನ್ನು ಕಟ್ಟಿ ರಾಯ ಕಾಲುವೆ, ಬಸವ ಕಾಲುವೆ, ತುರ್ತು ಕಾಲುವೆ ಮೊದಲಾದುವನ್ನು ತೆಗೆದರು. ಕೃಷ್ಣದೇವರಾಯನು ಹೊಸಪೇಟೆಯ ಬಳಿ ಕಟ್ಟಿಸುತ್ತಿದ್ದ ಕೆರೆಯಲ್ಲಿ ಹದಿನೈದಿಪ್ಪತ್ತು ಸಾವಿರ ಜನರು ಇರುವೆಗಳಂತೆ ದುಡಿಯುತ್ತಿದ್ದುದನ್ನು ಪಾಯಸನು ಕಣ್ಣಾರೆ ಕಂಡು ಬರೆದಿಟ್ಟನು. ಆ ಅರಸನ ಹೆಸರಿಗೆ ಹೊಸಪೇಟೆಯ ಕಡೆಯಲ್ಲಿ ಕೆರೆಯು ನಿಂತಿತು. ಎಡೆದೊರೆಯಲ್ಲಿ ಕೋಟೆಯ ಗೆಲುವು ನಿಂತಿತು. ಮುದಗಲ್ಲಿನ ಕೋಟೆಯ ಸುತ್ತಣ ಕಂದಕದಲ್ಲಿಯೂ ನೀರುಂಟು. ಆದರೆ ಅದು ಹೊಲಕ್ಕಾಗಿ ನಿಲ್ಲಿಸಿದ ನೀರಲ್ಲ.

ಬರಗಳ ಚರಿತ್ರೆಯೂ ಇದಕ್ಕೆ ಅನುಗುಣವಾಗಿದೆ. ೧೩೯೬ರಿಂದ ಹನ್ನೆರಡು ವರ್ಷವಿದ್ದಿತೆಂದು ಪರಂಪರೆಯು ಹೇಳುವ ದುರ್ಗಾದೇವಿ ಬರವು ದಕ್ಷಿಣಾಪಥವನ್ನೆಲ್ಲ ಹಾಳುಮಾಡಿತು. ಬಹಮನಿಯ ಎರಡನೆಯ ಮಹಮ್ಮದನ ಕಾಲದಲ್ಲಿ ಹತ್ತು ಸಾವಿರ ಎತ್ತುಗಳ ಮೇಲೆ ಮಾಳವ ಗುಜರಾತುಗಳಿಂದ ಧಾನ್ಯವನ್ನು ತರಿಸಿದರೆಂದು ಫಿರಿಸ್ತನು ಹೇಳುವನು. ಮಳೆ ತಪ್ಪಿದುದು ಎರಡು ದಡಗಳಲ್ಲಿಯೂ ಒಂದೇ. ಆದರೆ ೧೩೯೮ರ ಯುದ್ಧವು ಇದೇ ಬರದ ನಡುವೆ ಇದೇ ನೆಲದ ಮೇಲೆ ನಡೆಯಿತೆಂಬುದನ್ನು ಕೂಡಿಸಿ ನೋಡಿದರೆ, ಎಡೆದೊರೆಯ ರೈತನ ಪಾಲಿಗೆ ಬಂದ ಸಂಕಟದಲ್ಲಿ ಆಕಾಶದ ಭಾಗವೆಷ್ಟು, ಅರಸರ ಭಾಗವೆಷ್ಟು ಎಂದು ಬೇರೆಮಾಡುವುದು ಕಷ್ಟ.

೫

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಒಂದನೆಯದಾಗಿ, ಎರೆಭೂಮಿಯಲ್ಲಿ ಕೆರೆಗಳು ಕಡಮೆಯಿರುವುದಕ್ಕೆ ಗಡಿಯು ಕಾರಣವಲ್ಲ. ಬಿರಿಯುವ ಮಣ್ಣಿನ ಏರಿಯು ನಿಲ್ಲದು, ಒತ್ತುಗೊಡಲು ಗುಡ್ಡಗಳಿಲ್ಲ, ತಳದ ನೀರು ಹಲವೆಡೆ ಸವಳು. ಮೊದಲೆರಡು ದೋಷಗಳೇ ಅಲ್ಲಿಗೆ ಸಾಕು. ಎರೆಯ ಬೇಸಾಯಕ್ಕೆ ಕೆರೆಯ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲವೆಂದು ಮೇಲೆ ಹೇಳಿದೆ. ಆದಕಾರಣ ಮೂರನೆಯ ದೋಷದ ವಿಚಾರವು ಮಸ್ಕಿ ಲಿಂಗಸುಗೂರುಗಳ ಮಸಾರಿ ಸೀಮೆಗೆ ಮಾತ್ರ ನೇರವಾಗಿ ಅನ್ವಯಿಸುವುದು.

ಎರಡನೆಯದಾಗಿ, ಹೊಸಪೇಟೆಯ ಬಳಿ ಬೆಟ್ಟಗಳೂ ಹೊಳೆಯ ಇಳಿಜಾರೂ ಇದ್ದುದರಿಂದಲೇ ಕಾಲುವೆಗಳು ಸಾಧ್ಯವಾದುವು. ಎಡದಂಡೆಯಲ್ಲಿಯೂ ಆನೆಗೊಂದಿ, ಗಂಗಾವತಿಗಳ ಕಾಲುವೆಗಳೂ ರಾಯಚೂರು ಸೀಮೆಯ ಬಿಚ್ಚಾಲಿಯ ಕಾಲುವೆಯೂ ಇವೆಯಲ್ಲವೆ ಎಂದು ಕೇಳಬಹುದು. ಇದು ಸರಿಯಾದ ಮಾತು. ಗಡಿಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಆದರೆ ಈ ಎಡದಂಡೆಯ ಕಾಲುವೆಗಳಲ್ಲಿ ಹೆಚ್ಚಿನವು ರಾಜಧಾನಿಯ ಕಣ್ಣಿನ ಅಳವಿಗೆ ಸೇರಿದುವೇ ಆಗಿವೆ. ಅಲ್ಲಿಂದ ಬಡಗಣಕ್ಕೆ ಹೋದಂತೆಲ್ಲ ಅವು ವಿರಳವಾಗುವುವು. ಪ್ರಕೃತಿಯು ಒಡ್ಡಿದ ಅಡ್ಡಿಯ ಮೇಲೆ ರಾಜ್ಯಕಾರಣವು ಇನ್ನೊಂದನ್ನು ಹೇರಿತೆಂದು ಹೇಳಿದರೆ ಸಾಕು. ಅಷ್ಟನ್ನೇ ಶಾಸನಕಾರನೂ ಹೇಳಿದ್ದಾನೆ. ಆರು ದೋಷಗಳಲ್ಲಿ ಗಡಿಯು ಒಂದೇ ಹೊರತು ಆರೂ ಅಲ್ಲ.

೬

ಬಿಜಾಪುರದ ಬಳಿಕ ಮೊಗಲರೂ ಅನಂತರ ಹೈದರಾಬಾದಿನ ನಿಜಾಮರೂ ಈ ನಾಡನ್ನಾಳಿದರು. ೧೮೦೦ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ ತುಂಗಭದ್ರೆಯೇ ಎರಡು ಸರಕಾರಗಳ ಎಲ್ಲೆಯಾಯಿತು. ೧೮೫೩ರಲ್ಲಿ ಎಡೆದೊರೆಯೂ ಕುಂಪಣಿಯ ಕೈಸೇರಿ ೧೮೬೦ರಲ್ಲಿ ಮತ್ತೆ ನಿಜಾಮನಿಗೆ ಹಿಂದಿರುಗಿತು. ಅದೇ ೧೮೬೦ರ ಸುಮಾರಿನಲ್ಲಿ ಸರ್ ಆರ್ಥರ್ ಕಾಟನ್ನನು ತುಂಗಭದ್ರೆಗೆ ದೊಡ್ಡ ಅಣೆಕಟ್ಟನ್ನು ಕಟ್ಟುವ ಯೋಚನೆಯನ್ನು ಮುಂದಿಟ್ಟನು. ೧೮೭೬–೭೮ರ ಮಹಾಕ್ಷಾಮವು ಬಂದು ಜನರನ್ನು ಕೊಂದು ಹೋಯಿತು; ಅಣೆಕಟ್ಟು ಬರಲಿಲ್ಲ. ಮದರಾಸು, ಹೈದರಾಬಾದು ಸರಕಾರಗಳಿಗೆ ನೀರಿನ ವಿಷಯದಲ್ಲಿ ಒಪ್ಪಂದವಾಗುವಷ್ಟರಲ್ಲಿ ೧೯೪೪ನೆಯ ಇಸವಿಯಾಗಿತ್ತು. ೧೯೪೫ರ ಫೆಬ್ರವರಿ ೨೮ರಂದು ಕೆಲಸಕ್ಕೆ ಅಸ್ತಿಭಾರವು ಬಿದ್ದು ೧೯೫೩ರಲ್ಲಿ ಕಾಲುವೆಗೆ ನೀರು ಬಂದಿತು. ಯೋಚನೆಗೂ ಅಸ್ತಿಭಾರಕ್ಕೂ ನಡುವೆ ಕಳೆದ ಎಂಬತ್ತೈದು ವರ್ಷಗಳಿಗೆ ಹಣದ ಕೊರತೆಯೇ ಮೊದಲಾಗಿ ಹಲವು ಕಾರಣಗಳಿದ್ದರೂ, ಹೊಳೆಯು ಎರಡು ರಾಜ್ಯಗಳ ಗಡಿಯಾಗಿದ್ದುದು ಅವುಗಳಲ್ಲಿ ಸಣ್ಣದೇನೂ ಅಲ್ಲ. ೧೩೬೯ರ ಶಾಸನಕಾರನ ಮೂರನೆಯ ದೋಷಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಎಡದಂಡೆಯ ಕಾಲುವೆಯು ೧೪೧ ಮೈಲಿ ಹರಿದು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರುಗಳ ನೆಲಕ್ಕೆ ನೀರುಣಿಸುವುದು. ಒಂದು ತಲೆಮಾರಿನಲ್ಲಿ ಸಿಂಧನೂರು ಸೀಮೆಯ ಮುಖವೇ ಬದಲಾಯಿತು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳೆಂಬ ಊರುಗಳನ್ನು ಕಟ್ಟಿದರು. ಪೂರ್ವಬಂಗಾಳದ ನಿರಾಶ್ರಿತರಿಗೂ ಇಲ್ಲಿಯೇ ನೆಲೆ ದೊರೆಯಿತು. ಹಿಂಗಾರಿಯ ಜೋಳದ ಬಯಲು ಭತ್ತದ ಗದ್ದೆಯಾಯಿತು. ಬರವೆಂದರೆ ಗುಳೆ ಹೋಗಬೇಕಾಗಿದ್ದ ನೆಲದಲ್ಲಿ ಅನ್ನವು ನೆಲೆಸಿತು. ಇದನ್ನು ಕಡಮೆಯ ಸಾಧನೆಯೆಂದು ಯಾರೂ ಹೇಳಲಾರರು.

ಆದರೂ ಆರು ದೋಷಗಳ ಒರೆಗಲ್ಲು ಇಲ್ಲಿಗೂ ಸಲ್ಲುವುದು. ಜೋಳ, ಹತ್ತಿ, ನೆಲಗಡಲೆಗಳಿಗೆ ಮಿತವಾಗಿ ನೀರುಕೊಟ್ಟು ಹೆಚ್ಚು ನೆಲವನ್ನು ಬರದಿಂದ ಕಾಪಾಡಬೇಕೆಂಬುದು ಯೋಜನೆಯ ಮೂಲೋದ್ದೇಶವಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತವು ಹಬ್ಬಿದುದರಿಂದ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟದಾಯಿತು. ನೀರು ಕಡಮೆ, ನೆಲ ಹೆಚ್ಚು ಎಂಬ ಐದನೆಯ ದೋಷವಿದು. ಮೇಲ್ಭಾಗದಲ್ಲಿ ನಿಂತ ನೀರು ಎರೆಯೊಳಕ್ಕೆ ಇಳಿದು, ಹೊರಹೋಗಲು ದಾರಿಯಿಲ್ಲದೆ, ತಳದ ಉಪ್ಪನ್ನು ಕರಗಿಸಿಕೊಂಡು ಮೇಲಕ್ಕೇರಿ ಬಿಸಿಲಿಗೆ ಆರುವುದು. ಉಪ್ಪು ಮಾತ್ರ ಬಿಳಿಯ ಪೊರೆಯಾಗಿ ಉಳಿಯುವುದು. ಈ ಸವಳುಜವಳಿನಿಂದ ಒಳ್ಳೆಯ ಭೂಮಿಯು ಬೀಳುಬಿದ್ದಿರುವುದನ್ನು ಕಾಲುವೆಯ ಸೀಮೆಯಲ್ಲಿ ಕಾಣಬಹುದು. ಇದು ಎರಡನೆಯ ದೋಷ. ಪ್ಯಾಂಗಾಂಗ್ ಸರೋವರಕ್ಕೆ ಸಹಸ್ರಾರು ವರ್ಷಗಳಲ್ಲಿ ಆದುದೇ ಇಲ್ಲಿಯ ಗದ್ದೆಗೆ ಕೆಲವೇ ದಶಕಗಳಲ್ಲಿ ಆಗುತ್ತಿದೆ: ಬರುವ ನೀರಿಗೆ ದಾರಿಯನ್ನು ಮಾಡಿ ಹೋಗುವ ನೀರಿಗೆ ಕೋಡಿಯನ್ನು ಮರೆತರೆ ಹಿಮದ ಮರುಭೂಮಿಯಲ್ಲಾಗಲಿ ಎರೆಯ ಬಯಲಲ್ಲಾಗಲಿ ಫಲವೊಂದೇ.

ಜಲಾಶಯದ ಮೊದಲಿನ ಹಿಡುವಳಿಯು ಸುಮಾರು ೧೩೩ ಶತಕೋಟಿ ಘನ ಅಡಿಗಳಾಗಿದ್ದು, ಹೂಳಿನಿಂದ ಈಚಿನ ಅಳತೆಗಳ ಪ್ರಕಾರ ೧೦೫ರ ಸುಮಾರಿಗೆ ಇಳಿದಿದೆ. ಪಾತ್ರದ ನಡುವೆ ಉಬ್ಬಿರುವುದೆಂಬ ನಾಲ್ಕನೆಯ ದೋಷವನ್ನು ಶಾಸನಕಾರನು ಸ್ವಾಭಾವಿಕವಾದ ದಿಣ್ಣೆಯನ್ನು ಕುರಿತು ಹೇಳಿರಬಹುದು. ಹೂಳಿನ ಫಲವೂ ಅದರಿಂದ ಭಿನ್ನವಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೩೩ ಬಾಗಿಲುಗಳಲ್ಲಿ ೧೯ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಗಿ ಬಂದು, ಒಂದು ವಾರದ ಬಳಿಕ ತಾತ್ಕಾಲಿಕವಾದ ಅಡ್ಡಹಲಗೆಗಳಿಂದ ಬಾಗಿಲನ್ನು ಮುಚ್ಚಲಾಯಿತು. ಒಸರುವ ಒಡ್ಡೆಂಬ ಒಂದನೆಯ ದೋಷಕ್ಕೆ ಇದು ದೊಡ್ಡ ಪ್ರಮಾಣದ ನಿದರ್ಶನ. ನೀರು ಹೆಚ್ಚಾಗಿ ನೆಲವು ಸಾಲದಾಗುವ ಆರನೆಯ ದೋಷವನ್ನು ೨೦೦೯ರ ಪ್ರವಾಹವು ತೋರಿಸಿತ್ತು. ಮೂರನೆಯದು ಇಂದಿಗೂ ತೀರಿಲ್ಲ. ಹೊಳೆಯ ನೀರು ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ ಹಂಚಿಕೆಯಾಗಬೇಕಾಗಿರುವುದರಿಂದ ೧೯೫೩ರಲ್ಲಿ ಏರ್ಪಟ್ಟ ಮಂಡಳಿಯೊಂದು ಅದನ್ನು ನಿರ್ವಹಿಸುತ್ತಿದೆ.

೭

ಹೀಗೆ ನೋಡಿದರೆ ಎಡೆದೊರೆ ನಾಡಿನ ನೀರಿನ ಚರಿತ್ರೆಯಲ್ಲಿ ಎರಡು ಅಂಶಗಳು ಸಿದ್ಧವಾಗುವುವು. ಈ ನಾಡಿನ ಮಳೆಯು ಕಡಮೆಯೂ ಚಂಚಲವೂ ಆಗಿರುವುದು ಪ್ರಕೃತಿಯಿಂದ ಬಂದುದು. ಆ ಮಳೆಯನ್ನು ಹಿಡಿದಿಡುವ ಏರ್ಪಾಡುಗಳು ಮಸಾರಿ ಸೀಮೆಯಲ್ಲಿ ಬಲವಾಗಿ ಬೇರೂರದೆ ಹೋದುದು ಬಹುಮಟ್ಟಿಗೆ ಚರಿತ್ರೆಯಿಂದ ಬಂದುದು. ಮೊದಲನೆಯದನ್ನು ಸಹಿಸಿಕೊಳ್ಳಲೇಬೇಕು. ಎರಡನೆಯದನ್ನೂ ಮೊದಲನೆಯದರೊಡನೆ ಸೇರಿಸಿ ಬರದ ನಾಡೆಂದು ಕರೆದುಬಿಡುವುದು ವಿಚಾರಕ್ಕೆ ಒಪ್ಪತಕ್ಕದ್ದಲ್ಲ.

ಕನ್ನಡವನ್ನು ಓದಿಸುವವರಿಗೂ ಇದರಲ್ಲಿ ಒಂದು ಪ್ರಯೋಜನವುಂಟು. ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಬರುವ ಋತು, ಸರೋವರಗಳನ್ನು ವಿದ್ಯಾರ್ಥಿಗಳು ಅಲಂಕಾರವೆಂದೇ ಓದುತ್ತಾರೆ. ಶಾಸನಗಳಲ್ಲಿ ಬರುವ ಏರಿ, ತೂಬು, ಕೋಡಿ, ಬಿತ್ತುವಟ್ಟ, ಕಟ್ಟುಗೊಡಗೆಗಳನ್ನು ಪಾರಿಭಾಷಿಕ ಶಬ್ದಗಳೆಂದು ಪಟ್ಟಿಮಾಡಿ ಬಿಡುತ್ತಾರೆ. ಈ ಎರಡನ್ನೂ ಒಟ್ಟಿಗಿಟ್ಟು ಓದಿದರೆ, ಹಂಸಗಳ ಸರೋವರವನ್ನು ಹಾಡಿದ ಭಾಷೆಯೇ ಕೆರೆಯ ಹೂಳಿನ ಲೆಕ್ಕವನ್ನೂ ಇಟ್ಟಿತ್ತೆಂಬುದು ಮನಸ್ಸಿಗೆ ಬರುವುದು. ಮಳೆಯನ್ನು ಬಣ್ಣಿಸಿದ ಮಾತು ಕಾವ್ಯದಲ್ಲಿ ಉಳಿಯಿತು. ಮಳೆಯನ್ನು ಕಾಯ್ದ ಮಾತು ಬಳಕೆತಪ್ಪಿ ನಿಘಂಟಿಗೆ ಸೇರಿತು. ಆ ಶಬ್ದಗಳು ಬಳಕೆ ತಪ್ಪಿದುದು ಅವು ಹೇಳುತ್ತಿದ್ದ ಕೆಲಸವು ತಪ್ಪಿದ ಮೇಲೆ.

ಎಡೆದೊರೆಯ ಊರುಗಳಲ್ಲಿ ಕಾಲುವೆಯ ನೀರು ಬಂದ ಮೇಲೆ ಹಳೆಯ ಕೆರೆಗಳ ಕಡೆಗೆ ಗಮನವು ಕಡಮೆಯಾಗಿದೆ. ಸಾಲಗುಂದದಂಥ ಊರಿನ ಹಿರಿಯರು ಇಂದಿಗೂ ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದಲೇ ಎಣಿಸುವುದುಂಟು. ಕಾಲುವೆಯ ನೀರು ಬಿಡುವ ದಿನವನ್ನು ಎಣಿಸುವವರು ಅವರ ಮಕ್ಕಳು. ಎರಡು ಎಣಿಕೆಗಳೂ ಬೇಕು. ಕಾಲುವೆಯು ಬೇರೆ ನಾಡಿನ ಮಳೆಯನ್ನು ತರುವುದು. ಕೆರೆಯು ತನ್ನ ನಾಡಿನ ಮಳೆಯನ್ನು ಉಳಿಸುವುದು. ಪ್ರತಿಯೊಂದು ಊರಿನ ಕೆರೆ, ಏರಿ, ತೂಬುಗಳ ಬಳಿಯಿರುವ ಶಾಸನಗಳನ್ನೂ ಹೊಲಗಳ ಹೆಸರುಗಳಲ್ಲಿ ಉಳಿದಿರುವ ಕೊಡಗೆಯ ಗುರುತುಗಳನ್ನೂ ಸಂಗ್ರಹಿಸುವ ಕೆಲಸವು ನಡೆದರೆ, ಯಾವ ಕೆರೆಯು ಯಾವ ದೋಷದಿಂದ ಕೆಟ್ಟಿತೆಂಬುದನ್ನು ಊರೂರಿಗೆ ನಿರ್ಣಯಿಸಬಹುದು. ಮಣ್ಣಿನ ದೋಷದಿಂದ ಕೆಟ್ಟುದನ್ನು ಬಿಟ್ಟುಬಿಡಬಹುದು. ಗಡಿಯ ದೋಷದಿಂದ ಕೆಟ್ಟ ಕೆರೆಯು ಇದ್ದರೆ ಅದನ್ನು ತಿದ್ದಲು ಈಗ ಅಡ್ಡಿಯಿಲ್ಲ. ೧೯೫೬ರ ನವೆಂಬರ್ ೧ರಿಂದ ಆ ನಾಡು ಎರಡು ರಾಜ್ಯಗಳ ನಡುವೆ ಇಲ್ಲ.